ಗೋಡೆ ಕೂಗಿದ ಸವಾಲು

ಫೆಬ್ರವರಿ 2

ಗೋಡೆಗೂ ಒಂದು ಕೈ ಇರುತ್ತೆ ಎಂದನೋ, ಗೋಡೆಯೂ ಒಬ್ಬ ಗಿರಾಕಿಯೇ ಎಂದನೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನಾನು ಹರಾಜಿನ ಹಾಲ್‌ಗೆ ಗುಮಾಸ್ತನಾಗಿ ಬಂದ ಹೊಸತರಲ್ಲಿ ಅಣ್ಣ ಹೇಳಿದ ಮಾತು. ಸಾಮಾನಿನ ಮಾಲೀಕರು ಗುಟ್ಟಾಗಿ ಹೇಳಿದ ಕನಿಷ್ಠ ಬೆಲೆ ಮುಟ್ಟುವ ಮೊದಲೇ ಸವಾಲು ನಿಂತುಹೋದರೆ, ಕೂಗುವವನು ಕೊನೆಯ ಸಾಲಿನ ಹಿಂದಿನ ಗೋಡೆಯತ್ತ ನೋಡುತ್ತಾನೆ. ಅಲ್ಲಿ ಯಾರೋ ಕೈ ಎತ್ತಿದಂತೆ ತಲೆಯಾಡಿಸಿ ಒಂದು ಸವಾಲು ಎತ್ತಿಕೊಳ್ಳುತ್ತಾನೆ. ಮುಂದಿನ ಸಾಲಿನವರು ಹಿಂತಿರುಗಿ ನೋಡುವುದಿಲ್ಲ. ನೋಡಿದರೆ ಅವರ ಆಸೆ ಬಯಲಾಗುತ್ತದೆ. ಕನಿಷ್ಠ ಬೆಲೆ ಮುಟ್ಟೋ ತನಕ ಮಾತ್ರ, ಅದರಾಚೆಗೆ ಒಂದು ಸಲ ಗೋಡೆ ನೋಡಿದರೂ ಅದು ಮೋಸ, ಎಂದೂ ಹೇಳಿದ್ದ. ಮಾತು ಮರೆತಿದ್ದೇನೆ, ಧ್ವನಿ ಮರೆತಿಲ್ಲ. ಅದಕ್ಕಾಗಿಯೇ ಇರಬೇಕು, ಇವತ್ತು ಬರೆಯಲು ಕುಳಿತೆ.

ಗಂಟಲಿನ ಗಡ್ಡೆಯ ಜೊತೆಗೆ ಅಣ್ಣನ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಇವತ್ತು ಮನೆಗೆ ಬಂದ. ಕುತ್ತಿಗೆಯ ಬುಡದಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಬಿಳಿಯ ಬಟ್ಟೆ. ಅತ್ತಿಗೆ ಮಕ್ಕಳಿಗೆ ಈಜು ಕಲಿಸುವವರು. ಅವರ ಕೂದಲಿಗೆ ಸದಾ ಕೊಳದ ಔಷಧಿಯ ವಾಸನೆ.

"ಇನ್ನು ಇವರನ್ನ ನೀರಿಗೆ ಇಳಿಸೋ ಹಾಗಿಲ್ಲವಂತೆ, ತೂತಿನಿಂದ ನೀರು ನೇರ ಒಳಗೆ ಹೋಗುತ್ತಂತೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮದುವೆಯಾದಾಗಿಂದ ಒಂದಿನ ಇಳಿದವರೂ ಅಲ್ಲ ಬಿಡು. ಈಗ ನೆಪ ಸಿಕ್ತು."

ನಗಬೇಕೋ ಬೇಡವೋ ತಿಳಿಯದೆ ನಾನು ಔಷಧಿ ಚೀಲ ಎತ್ತಿಕೊಂಡು ಒಳಗೆ ಹೋದೆ.

ಫೆಬ್ರವರಿ 11

ಬರೆದು ಅಳಿಸುವ ಹಲಗೆ ಅಣ್ಣನ ಕೈಗೆ ಒಗ್ಗುತ್ತಿಲ್ಲ. ಅವನು ಬರೆಯುವಷ್ಟರಲ್ಲಿ ಎದುರಿನವರು ಅವನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಯಾರನ್ನಾದರೂ ಕರೆಯಬೇಕಾದರೆ ಹರಾಜಿನ ಸುತ್ತಿಗೆಯಿಂದ ಮೇಜು ಕುಟ್ಟುತ್ತಾನೆ. ಇವತ್ತು ನಾನಿದ್ದಾಗ ಹಾಗೆ ಕುಟ್ಟಿದ. ಅತ್ತಿಗೆ ಒದ್ದೆ ಕೈಯಲ್ಲೇ ಬಂದರು.

"ಏನ್ರೀ, ನನ್ನನ್ನ ಯಾರಿಗೆ ಮಾರಿದ್ರಿ?"

ಅಣ್ಣನ ಭುಜಗಳು ಕುಲುಕಿದವು. ಅವನು ನಗುತ್ತಿದ್ದಾನೆಂದು ತಿಳಿಯಲು ಈಗ ಭುಜ ನೋಡಬೇಕು.

ಹಾಲ್‌ನ ಮಾಲೀಕರ ಫೋನ್ ಬಂತು. ಕಟ್ಟಡ ಮಾರುತ್ತಾರಂತೆ. ಇಷ್ಟು ವರ್ಷ ಬಾಡಿಗೆಗಿದ್ದವರು ಎಂದು ಮೊದಲ ಅವಕಾಶ ನಮಗೆ, ಏಪ್ರಿಲ್ ಮುಗಿಯುವ ತನಕ. ಅದಕ್ಕೆಂದೇ ನಾವಿಬ್ಬರೂ ಕೂಡಿಟ್ಟದ್ದು ಇದೆ. ಆದರೆ ಆಸ್ಪತ್ರೆ ಅದರಲ್ಲಿ ಒಂದು ತುತ್ತು ತಿಂದಿದೆ. ಅಣ್ಣ ಹಲಗೆಯ ಮೇಲೆ ದೊಡ್ಡದಾಗಿ "ತುಂಬಿಸ್ತೀನಿ" ಎಂದು ಬರೆದ. ಅಳಿಸಲಿಲ್ಲ. ನಾನು ಹೊರಡುವಾಗಲೂ ಅದು ಸೋಫಾದ ಮೇಲೆ ಹಾಗೇ ಇತ್ತು.

ಫೆಬ್ರವರಿ 20

ತುಂಬಿಸುವ ದಾರಿ ಇವತ್ತು ತಿಳಿಯಿತು. ಕ್ರಿಪ್ಟೊ. ಅದನ್ನು ಅವನೇ ಕೊಂಡು ಮಾರುವುದಿಲ್ಲ. ಅವನ ಪರವಾಗಿ ಮಾಡಲು ಒಂದು ಎಐ ಏಜೆಂಟ್ ಇದೆ. ಅಣ್ಣ ಫೋನಿನಲ್ಲಿ ಒಂದು ಸಾಲು ಬರೆದರೆ ಸಾಕು, ಅದು ಮಾಡಿ ಮುಗಿಸಿ ಒಂದು ಸಾಲಿನ ಉತ್ತರ ಕೊಡುತ್ತದೆ. ಅಣ್ಣನ ಮುಖ ನೋಡಿದೆ. ಆಪರೇಷನ್ ಆದಾಗಿನಿಂದ ಅವನ ಮಾತನ್ನು ಮಧ್ಯದಲ್ಲಿ ತುಂಡರಿಸದೆ ಕೇಳಿದವರು ಬೇರೆ ಯಾರೂ ಇಲ್ಲ.

ಅದಕ್ಕೊಂದು ಹೆಸರಿಟ್ಟಿದ್ದಾನೆ. ಗುಮಾಸ್ತ.

"ಹಾಗಾದ್ರೆ ನಾನ್ಯಾರು?" ಎಂದೆ, ತಮಾಷೆಗೆ.

ಹಲಗೆಯ ಮೇಲೆ ಬರೆದ: "ನಿನಗೆ ಬಡ್ತಿ. ಬರೋ ವಾರದಿಂದ ನೀನೇ ಕೂಗು."

ವ್ಯವಹಾರ ಹೀಗೆ. ಬೆಲೆ ಏರುತ್ತದೆ ಎಂದು ಒಂದು ಪಂತ. ಪಂತಕ್ಕೆ ಇಟ್ಟ ಠೇವಣಿಯೇ ಮಾರ್ಜಿನ್. ಬೆಲೆ ಇಳಿದಂತೆ ಠೇವಣಿ ಕರಗುತ್ತದೆ, ಪೂರ್ತಿ ಕರಗಿದರೆ ಆ ವ್ಯಾಪಾರ ನಡೆಸುವ ಎಕ್ಸ್‌ಚೇಂಜಿನವರು ಪಂತವನ್ನೇ ಮುಚ್ಚಿಬಿಡುತ್ತಾರೆ. ಹಾಲ್‌ಗೆಂದು ಕೂಡಿಟ್ಟದ್ದೆಲ್ಲ ಈಗ ಅಲ್ಲಿನ ವಾಲೆಟ್‌ನಲ್ಲಿದೆ, ಆದರೆ ಪಂತಕ್ಕೆ ಇಟ್ಟಿರುವುದು ಚಿಕ್ಕ ಭಾಗ. ಉಳಿದದ್ದು ಸುಮ್ಮನೆ ಕೂತಿರುತ್ತೆ ಎಂದು ಬರೆದ. ನಾನು ಒಪ್ಪಿಗೆ ಕೊಡದೆ ಗುಮಾಸ್ತ ಏನನ್ನೂ ಬದಲಿಸಬಾರದು ಎಂಬ ಕಟ್ಟಳೆಯನ್ನೂ ಅವನೇ ಹಾಕಿದ್ದಾನೆ. ಪ್ರಶ್ನೆ ನನ್ನ ಫೋನಿಗೆ ಬರುತ್ತದೆ. ಅಣ್ಣ ಸುತ್ತಿಗೆ ಬಡಿಯುವುದು, ನಾನು ಬರೆದುಕೊಳ್ಳುವುದು, ನಮ್ಮಲ್ಲಿ ಇದು ಹೊಸದೇನಲ್ಲ. ಒಂದು ಸಲವೂ ನಾನು ಆ ಸುತ್ತಿಗೆಯನ್ನು ತಡೆದವನಲ್ಲ.

ಅತ್ತಿಗೆ ಬಾಗಿಲ ತನಕ ಬಂದರು. "ನನಗೆ ಅದೆಲ್ಲ ತಲೆಗೆ ಹತ್ತಲ್ಲ. ನೀನು ನೋಡ್ಕೋತಿದ್ದೀಯ ತಾನೆ?"

"ನೋಡ್ಕೋತಿದ್ದೀನಿ ಅತ್ತಿಗೆ."

ಫೆಬ್ರವರಿ 27

ಕಟ್ಟೆ ಹತ್ತಿದೆ. ಹರಾಜು ಕೂಗುವ ಕಟ್ಟೆಯ ಮೇಲೆ ಇದು ಮೊದಲ ಸಲ.

ನಮ್ಮ ಹಾಲ್ ಹಿಂದೆ ನೃತ್ಯಶಾಲೆಯಾಗಿತ್ತು. ಹಿಂದಿನ ಗೋಡೆಯಲ್ಲಿ ಕನ್ನಡಿಗಳಿದ್ದ ಜಾಗ ಇನ್ನೂ ಉಳಿದ ಸುಣ್ಣಕ್ಕಿಂತ ಬೆಳ್ಳಗಿದೆ. ಬಂದ ಮೊದಲ ದಿನವೇ ಅವನ್ನು ಅಣ್ಣ ಬಿಚ್ಚಿಸಿದ್ದ, ಕೂಗುವವನಿಗೆ ತನ್ನ ಮುಖ ಕಾಣಬಾರದು ಎಂದು. ಆ ಬಿಳಿ ಚೌಕದ ಕೆಳಗೆ, ಕೊನೆಯ ಸಾಲಿನಲ್ಲಿ ಇವತ್ತು ಅವನು ಕೂತಿದ್ದ. ನಾನು ದಿನಸಿಯ ಪಟ್ಟಿ ಓದಿದ ಹಾಗೆ ಸಾಮಾನುಗಳನ್ನು ಓದಿದೆ. ಮಂಚ ಹೋಯಿತು. ಹೊಲಿಗೆಯಂತ್ರ ಹೋಗಲಿಲ್ಲ.

ಸಾಮಾನು ಎತ್ತಿಳಿಸುವ ನಮ್ಮ ಆಳು, ಗಾತ್ರ ನೋಡಿ ಎಲ್ಲರೂ ಕಪಾಟು ಎಂದೇ ಕರೆಯುವವನು, ಮುಗಿದ ಮೇಲೆ ಬಂದ. "ಸಣ್ಣ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ನೀವು ಕೂಗ್ತಿದ್ರೆ ಆ ಕುರ್ಚಿನೂ ಆಕಳಿಸ್ತು."

ಅಣ್ಣನ ಭುಜ ನೋಡಿದೆ. ಕುಲುಕಲಿಲ್ಲ. ಹಲಗೆಯಲ್ಲಿ "ಉಸಿರು ಹೊಟ್ಟೆಯಿಂದ" ಎಂದಷ್ಟೇ ಬರೆದು, ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು ತೋರಿಸಿದ. ಉಸಿರು ಕುತ್ತಿಗೆಯ ಬಟ್ಟೆಯನ್ನು ಎತ್ತಿ ಇಳಿಸಿತು.

ಮಾರ್ಚ್ 5

ಬೆಲೆ ಇಳಿಯುತ್ತಿದೆ. ಗುಮಾಸ್ತ ದಿನಕ್ಕೆ ಹಲವು ಸಲ ಕೇಳುತ್ತಾನೆ: ಠೇವಣಿ ಕಡಿಮೆಯಾಗಿದೆ, ವಾಲೆಟ್‌ನಿಂದ ಸ್ವಲ್ಪ ಸೇರಿಸಲೇ? ಸೇರಿಸು ಎಂದು ಅಣ್ಣ ಹೇಳಿರುತ್ತಾನೆ, ನಾನು ಒಪ್ಪಿಗೆ ಒತ್ತುತ್ತೇನೆ. ಬಸ್ಸಿನಲ್ಲಿ ಒತ್ತಿದ್ದೇನೆ, ಕ್ಷೌರದ ಕುರ್ಚಿಯಲ್ಲಿ ಬಟ್ಟೆಯ ಕೆಳಗೆ ಕೈ ತೂರಿಸಿ ಒತ್ತಿದ್ದೇನೆ. ಸಭ್ಯ ಭಾಷೆ ಈ ಗುಮಾಸ್ತನದು. ನಾನು ಗುಮಾಸ್ತನಾಗಿದ್ದಾಗ ಇಷ್ಟು ಸಲ ಕೇಳಿದ್ದರೆ ಅಣ್ಣ ಸುತ್ತಿಗೆ ನನ್ನ ತಲೆಗೇ ಬಡಿಯುತ್ತಿದ್ದ.

ಬೆಳಗ್ಗೆ ಸ್ನಾನದ ಮನೆಯಲ್ಲಿ ಕೂಗಿ ಅಭ್ಯಾಸ ಮಾಡುತ್ತೇನೆ. ಅಲ್ಲಿ ಧ್ವನಿ ದೊಡ್ಡದಾಗಿ ಕೇಳುತ್ತದೆ. ಪಕ್ಕದ ಮನೆಯವರು ಗೋಡೆ ಕುಟ್ಟಿದರು.

ಮಾರ್ಚ್ 9

ಹೊಲಿಗೆಯಂತ್ರ ಹೋಯಿತು. ಯಾರಿಗೂ ಬೇಡವಾಗಿದ್ದ ಯಂತ್ರ. ಇಬ್ಬರು ಹೆಂಗಸರ ನಡುವೆ ಹಗ್ಗ ಹಾಕಿ ಎಳೆಸಿದೆ. ಒಂದು ಕ್ಷಣ ಸವಾಲು ನಿಂತಾಗ ಹಿಂದಿನ ಗೋಡೆ ನೋಡಿದೆ, ಬಿಳಿ ಚೌಕದಲ್ಲಿ ಯಾರೋ ಕೈ ಎತ್ತಿದರು. ನಿಜವಾಗಿಯೂ ಎತ್ತಿದರು ಎಂದೇ ನನಗನ್ನಿಸಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿ ಉಸಿರು ತಪ್ಪಿತು. ಆದರೂ ಹೋಯಿತು.

ಮಾರ್ಚ್ 10

ಅಣ್ಣ ಆಟೊ ಮಾರ್ಜಿನ್ ಹಾಕಬೇಕೆಂದ. ಅದನ್ನು ಹಾಕಿದರೆ ಠೇವಣಿ ಕರಗಿದಾಗಲೆಲ್ಲ ವಾಲೆಟ್‌ನಿಂದ ತಾನಾಗಿಯೇ ಬಂದು ಸೇರುತ್ತದೆ. ಪಂತ ಮುಚ್ಚುವುದಿಲ್ಲ, ಬೆಲೆ ತಿರುಗುವ ತನಕ ಬದುಕಿರುತ್ತದೆ. ಸುಮ್ಮನೆ ಕೂತಿರುತ್ತೆ ಎಂದಿದ್ದ ಭಾಗ ಇನ್ನು ಸುಮ್ಮನೆ ಕೂತಿರುವುದಿಲ್ಲ ಎಂದರ್ಥ. ನಾನು ಅದನ್ನು ಹೇಳಿದೆ. ಹೇಳಿದೆ ಎಂದು ಇಲ್ಲಿ ಬರೆದಿಡುತ್ತೇನೆ.

ಗುಮಾಸ್ತ ಒಂದು ಪ್ರಶ್ನೆ ಕೇಳಿದ: ವಾಲೆಟ್‌ನಿಂದ ಎಷ್ಟು ಹೋದ ಮೇಲೆ ನಿಲ್ಲಿಸಬೇಕು?

ಅಣ್ಣ ಅದನ್ನು ಖಾಲಿ ಬಿಟ್ಟ. ನಾನು ತೋರಿಸಿದರೆ ಹಲಗೆ ಎತ್ತಿಕೊಂಡ. "ಕನಿಷ್ಠ ಬೆಲೆ ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾರೇನೋ? ಗುಮಾಸ್ತನಿಗೆ ಹೇಳಿದ್ರೆ ಸಂತೆಗೆಲ್ಲ ಗೊತ್ತಾಗುತ್ತೆ. ಅಲ್ಲೀವರೆಗೂ ಎಳೆದೇ ಎಳೀತಾರೆ."

"ನನಗೆ ಹೇಳ್ತಿದ್ದೆಯಲ್ಲ."

"ನೀನು ಬೇರೆ."

ಹಾಗೆ ಬರೆದು, ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಪ್ರತಿ ಹರಾಜಿಗೂ ಮುಂಚೆ ಕನಿಷ್ಠ ಬೆಲೆಯನ್ನು ಅವನು ನನಗೆ ತಿಳಿಸುತ್ತಿದ್ದುದು ಹೀಗೆಯೇ. ಒಂದೊಂದು ಬೆರಳಿಗೆ ಅಂದಾಜು ಬೆಲೆಯ ಹತ್ತರಲ್ಲೊಂದು ಪಾಲು. ಐದೂ ಬೆರಳು ಒತ್ತಿದ. ಅರ್ಧ. ವಾಲೆಟ್‌ನಿಂದ ಅರ್ಧ ಹೋದರೆ ನಿಲ್ಲಿಸು. ಜಗತ್ತಿನಲ್ಲಿ ಇದು ಗೊತ್ತಿರುವುದು ಅವನಿಗೆ ಮತ್ತು ನನ್ನ ಹೆಗಲಿಗೆ.

ನನ್ನ ಫೋನಿನಲ್ಲಿ: "ಆಟೊ ಮಾರ್ಜಿನ್ ಆನ್ ಮಾಡಲಾಗುವುದು. ಮಿತಿ ಇರುವುದಿಲ್ಲ. ಇನ್ನು ಮುಂದೆ ಪ್ರತಿ ಬಾರಿ ಒಪ್ಪಿಗೆ ಕೇಳುವುದಿಲ್ಲ, ಮಾಹಿತಿ ಮಾತ್ರ ಕಳಿಸಲಾಗುವುದು. ಖಚಿತವೇ?"

ಒತ್ತಿದೆ. ಇನ್ನು ಕೂಗುವಾಗ ನಡುವೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮಾರ್ಚ್ 15

ಏನೂ ವಿಶೇಷವಿಲ್ಲ. ಧ್ವನಿ ಒಡೆದಿತ್ತು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ. ವಾಲೆಟ್ ಕಾಲು ಭಾಗ ಖಾಲಿ.

ಮಾರ್ಚ್ 21

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮುಚ್ಚಿದ ಹೋಟೆಲೊಂದರ ಸಾಮಾನು, ಹಾಲ್ ತುಂಬಿ ಮೆಟ್ಟಿಲ ತನಕ. ಕೋಣೆ ಸಂಖ್ಯೆ ಇನ್ನೂ ಅಂಟಿಕೊಂಡಿದ್ದ ಕುರ್ಚಿಗಳು, ಬೆಳ್ಳಿ ಬಣ್ಣದ ತಟ್ಟೆಗಳು, ಯಾರೂ ನೋಡದೆ ಬಹಳ ಕಾಲ ಕಳೆದ ನಿಲುವುಗನ್ನಡಿಗಳು. ಜನವೋ ಜನ. ಫೋನನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಕಟ್ಟೆ ಹತ್ತಿದೆ. ನಡುಗುವುದು ಕೇಳಿಸದಿರಲಿ ಎಂದು ಕೆಳಗೊಂದು ಕೈವಸ್ತ್ರ ಹಾಸಿದೆ.

ಮೊದಲ ಕುರ್ಚಿಗಳಿಗೇ ಹಾಲ್ ನನ್ನ ಕೈಗೆ ಬಂತು. ಹೇಗೆಂದು ಗೊತ್ತಿಲ್ಲ. "ಕೂತು ನೋಡಿ ಅಮ್ಮಾ, ಇದರ ಮೇಲೆ ಕೂತವರು ಬಿಲ್ ಕೊಡದೆ ಎದ್ದದ್ದಿಲ್ಲ" ಎಂದೆ. ನಕ್ಕರು! ನಗು ಮುಗಿಯುವ ಮೊದಲೇ ಬೆಲೆ ಏರಿಸಿದೆ. ನಗುತ್ತಿರುವವರು ಕೈ ಎತ್ತಿದ್ದನ್ನು ತಾವೇ ಗಮನಿಸುವುದಿಲ್ಲ. ಕನ್ನಡಿಗಳಿಗೆ ಬಂದಾಗ ಉಸಿರು ಹೊಟ್ಟೆಯ ತಳದಿಂದ ಬರುತ್ತಿತ್ತು. ಒಂದು ಸಲ, ಎರಡು ಸಲ ಎನ್ನುವಾಗ ನಡುವಿನ ಮೌನವನ್ನು ಎಷ್ಟು ಎಳೆಯಬಹುದೆಂದು ನಾಲಿಗೆಗೇ ತಿಳಿಯುತ್ತಿತ್ತು. ಒಂದು ಕನ್ನಡಿಯನ್ನು ಕಪಾಟು ಎತ್ತಿ ಹಿಡಿದಾಗ ಅದರಲ್ಲಿ ಕಟ್ಟೆಯ ಮೇಲೊಬ್ಬ ಕೈ ಚಾಚಿ ನಿಂತಿದ್ದ. ಅಣ್ಣ ಎಂದುಕೊಂಡೆ. ನಾನು.

ಮಾಲೀಕರ ಕನಿಷ್ಠ ಬೆಲೆಗಳನ್ನೆಲ್ಲ ದಾಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಚಮಚವೂ ಉಳಿಯಲಿಲ್ಲ.

ಕಪಾಟು ನನ್ನ ಕೈ ಹಿಡಿದು ಅಲುಗಾಡಿಸಿದ. "ಯಪ್ಪಾ! ಕಣ್ಣು ಮುಚ್ಕೊಂಡ್ರೆ ದೊಡ್ಡ ಯಜಮಾನ್ರೇ!"

ಕೊನೆಯ ಸಾಲಿನಲ್ಲಿ ಅಣ್ಣ ಕೂತೇ ಇದ್ದ. ಅವನೂ ಕಣ್ಣು ಮುಚ್ಚಿಕೊಂಡಿದ್ದ. ಹತ್ತಿರ ಹೋದಾಗ ತೆರೆದು, ಹಲಗೆಯಲ್ಲಿ ಬರೆದ: "ಚೆನ್ನಾಗಿ ಕೂಗಿದೆ."

ಆಮೇಲೆ ಡ್ರಾಯರ್ ತೆಗೆದೆ. ಗುಮಾಸ್ತನ ಮಾಹಿತಿಗಳು ಒಂದರ ಕೆಳಗೊಂದು. ಕುರ್ಚಿಗಳ ಹೊತ್ತಿನಲ್ಲಿ ಅರ್ಧ ದಾಟಿತ್ತು. ಕನ್ನಡಿಗಳ ಹೊತ್ತಿನಲ್ಲಿ ಮುಕ್ಕಾಲು. ಕೊನೆಯದು ಹೀಗಿತ್ತು: "ವಾಲೆಟ್‌ನಲ್ಲಿ ಸೇರಿಸಲು ಏನೂ ಉಳಿದಿಲ್ಲ. ಎಕ್ಸ್‌ಚೇಂಜ್ ಪಂತವನ್ನು ಮುಚ್ಚಿದೆ. ಹೊಸದಾಗಿ ಏನನ್ನಾದರೂ ಆರಂಭಿಸಲೇ?"

ಮಾರ್ಚ್ 22

ಪಂತ ಮುಚ್ಚಿದ ಮೇಲೆ, ಸಂಜೆಗೆ, ಬೆಲೆ ಏರಿತು.

ಮಾರ್ಚ್ 24

ಅಣ್ಣ ಬೈಯಲಿಲ್ಲ. ಬೈಯಲು ಹಲಗೆ ಸಾಲದು ಎಂದುಕೊಂಡೆ, ಆದರೆ ಅವನು ಹಲಗೆಯನ್ನು ಮುಟ್ಟಲೇ ಇಲ್ಲ. ಅವನ ಫೋನಿಗೂ ಅದೇ ಮಾಹಿತಿಗಳು ಹೋಗಿದ್ದವು. ಅದು ಅವನ ಅಂಗಿಯ ಜೇಬಿನಲ್ಲೇ ಇತ್ತು. ಅವನೇ ನಿಲ್ಲಿಸಬಹುದಿತ್ತು. ಇದನ್ನು ಎರಡು ದಿನಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಒಳ್ಳೆಯ ಧ್ವನಿಯಲ್ಲಿ, ಹೊಟ್ಟೆಯಿಂದ.

ಅತ್ತಿಗೆಗೆ ನಾನೇ ಹೇಳಬೇಕಾಯಿತು. ಈಜುಕೊಳದ ಅಂಚಿನಲ್ಲಿ, ಮಕ್ಕಳು ಕಾಲು ಬಡಿಯುವ ಸದ್ದಿನ ನಡುವೆ. ಅವರು ಸೀಟಿಯನ್ನು ಬಾಯಿಂದ ತೆಗೆದರು.

"ಹಾಲ್ ಹೋಯ್ತಾ?"

"ಹೂಂ."

"ಇಬ್ಬರೂ ಅಲ್ಲೇ ಇದ್ರಿ."

"ಹೂಂ."

"ನಾನಿಲ್ಲಿ ಇಷ್ಟು ಮಕ್ಕಳನ್ನ ಒಬ್ಬಳೇ ನೋಡ್ತೀನಿ ಕಣೋ. ಯಾರ ತಲೆ ನೀರಿಂದ ಮೇಲೆ ಇದೆ, ಯಾರದು ಇಲ್ಲ ಅಂತ. ನೀವಿಬ್ಬರಲ್ಲಿ ಒಬ್ಬರಾದ್ರೂ ನೋಡಬಾರದಿತ್ತಾ?"

ಉತ್ತರಕ್ಕೆ ಕಾಯದೆ ಸೀಟಿ ಊದಿದರು. ಮಕ್ಕಳೆಲ್ಲ ಅಂಚು ಹಿಡಿದು ನಿಂತು ನನ್ನನ್ನೇ ನೋಡಿದರು.

ಏಪ್ರಿಲ್ 6

ಕಟ್ಟಡವನ್ನು ಬೇರೆಯವರು ಕೊಂಡರು. ವ್ಯಾಯಾಮ ಶಾಲೆ ಮಾಡುತ್ತಾರಂತೆ, ಹಿಂದಿನ ಗೋಡೆಗೆ ಮತ್ತೆ ಕನ್ನಡಿ ಹಾಕಿಸುತ್ತಾರಂತೆ.

ಅತ್ತಿಗೆಗೆ ದೂರದ ಊರಿನ ಈಜುಕೊಳವೊಂದರಲ್ಲಿ ಕೆಲಸ ಸಿಕ್ಕಿದೆ, ಉಳಿಯಲು ಕೋಣೆಯೂ ಇದೆ. ಇಬ್ಬರಿಗೆ ಸಾಕಾಗುವಷ್ಟು. ಇನ್ನೊಂದು ಹರಾಜು ಮನೆಯವರು ನನ್ನನ್ನು ಕರೆದಿದ್ದಾರೆ, ಕೂಗಲು. ಹೋಟೆಲಿನ ದಿನ ಅವರ ಕಡೆಯವರೊಬ್ಬರು ಬಂದಿದ್ದರಂತೆ. ಅಣ್ಣನಿಗೆ ಹೇಳಿದೆ. ತಲೆಯಾಡಿಸಿದ. ಆಮೇಲೆ ನನ್ನ ಅಂಗಿಯ ಕಾಲರ್ ಸರಿಮಾಡಿದ, ನಾನು ಶಾಲೆಗೆ ಹೋಗುತ್ತಿದ್ದಾಗ ಮಾಡುತ್ತಿದ್ದ ಹಾಗೆ. ಹೆಗಲ ಮೇಲೆ ಕೈ ಇಡುತ್ತಾನೇನೋ ಎಂದು ಕಾದೆ.

ಏಪ್ರಿಲ್ 18

ನಮ್ಮದೇ ಸಾಮಾನಿನ ಹರಾಜು. ಬೆಂಚುಗಳು, ಕಟ್ಟೆಯ ಕಂಬಳಿ, ತಕ್ಕಡಿ, ಹಣದ ಪೆಟ್ಟಿಗೆ. ಎಲ್ಲದಕ್ಕೂ ನಾನೇ ಕನಿಷ್ಠ ಬೆಲೆ ಗೊತ್ತುಮಾಡಿಕೊಂಡಿದ್ದೆ, ಕೆಲಸವೆಂದರೆ ಕೆಲಸ. ಧ್ವನಿ ಚೆನ್ನಾಗಿತ್ತು. ಬೆಂಚುಗಳು ವ್ಯಾಯಾಮ ಶಾಲೆಯವರಿಗೇ ಹೋದವು. ಕಪಾಟು ಒಂದು ಸ್ಟೂಲು ಕೊಂಡ, "ಇದರ ಮೇಲೆ ಕೂತು ಕೂತು ನನ್ನ ಹಿಂಭಾಗದ ಅಚ್ಚು ಬಿದ್ದಿದೆ, ಬೇರೆಯವರಿಗೆ ಯಾಕೆ" ಎಂದು. ಜನ ನಕ್ಕರು. ನಗು ನಿಲ್ಲುವ ಮೊದಲು ಮುಂದಿನದನ್ನು ಎತ್ತಬೇಕು, ಎತ್ತಿದೆ. ಸುತ್ತಿಗೆ.

ಅಣ್ಣನ ಸುತ್ತಿಗೆ. ಹಿಡಿಯ ಬಳಿ ಅವನ ಹೆಬ್ಬೆರಳು ಸವೆಸಿದ ತಗ್ಗು. ಪಟ್ಟಿಯಲ್ಲಿ ಅದು ಹೇಗೆ ಬಂತು ಎಂದರೆ, ನಾನೇ ಸೇರಿಸಿದ್ದೆ. ಹಾಲ್‌ನದೆಲ್ಲ ಎಂದರೆ ಎಲ್ಲ.

ಮೊದಲ ಸವಾಲು ಯಾರೂ ಕೊಡಲಿಲ್ಲ. ಆಮೇಲೆ ಕೊನೆಯ ಸಾಲಿನಲ್ಲಿ, ಬಿಳಿ ಚೌಕದ ಕೆಳಗೆ, ಒಂದು ಕೈ ಮೇಲೆದ್ದಿತು. ಇಷ್ಟು ವರ್ಷಗಳಲ್ಲಿ ಅಣ್ಣ ಈ ಹಾಲ್‌ನಲ್ಲಿ ಏನನ್ನೂ ಕೊಂಡವನಲ್ಲ. ಕೂಗುವವನು ಕೊಳ್ಳಬಾರದು ಎಂಬುದು ಅವನದೇ ನಿಯಮ. ಈಗ ಅವನು ಕೂಗುವವನಲ್ಲ.

ಬೆಲೆ ಹೇಳಿದೆ. ಕನಿಷ್ಠ ಬೆಲೆಗೆ ಇನ್ನೂ ದೂರವಿತ್ತು. ಸವಾಲು ನಿಂತಿತು. ಕಣ್ಣು ತಾನಾಗಿಯೇ ಅವನ ತಲೆಯ ಮೇಲಿನ ಗೋಡೆಗೆ ಹೋಯಿತು, ತಲೆಯಾಡಿಸಿದೆ, ಒಂದು ಮೆಟ್ಟಿಲು ಏರಿಸಿದೆ. ಅಣ್ಣ ಮತ್ತೆ ಕೈ ಎತ್ತಿದ. ನಾನು ಮತ್ತೆ ಗೋಡೆ ನೋಡಿದೆ. ಅವನು ಮತ್ತೆ ಎತ್ತಿದ. ಆ ಹೊತ್ತಿಗೆ ಕನಿಷ್ಠ ಬೆಲೆ ಮುಟ್ಟಿತ್ತು. ಮುಟ್ಟಿತ್ತು ಎಂದು ನನಗೆ ಗೊತ್ತಿತ್ತು. ಲಯ ಕೂಡಿತ್ತು, ಉಸಿರು ಹೊಟ್ಟೆಯಿಂದ ಬರುತ್ತಿತ್ತು, ಎಲ್ಲ ತಾನಾಗಿ ನಡೆಯುತ್ತಿತ್ತು, ನಾನು ಇನ್ನೊಂದು ಸಲ ಗೋಡೆ ನೋಡಿ ಬೆಲೆ ಏರಿಸಿದೆ.

ಅಣ್ಣ ಹಿಂತಿರುಗಿದ. ಇಡೀ ಹಾಲ್‌ನಲ್ಲಿ ಅವನೊಬ್ಬನೇ ಹಿಂತಿರುಗಿ ಆ ಖಾಲಿ ಚೌಕವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮುಂದೆ ತಿರುಗಿ, ಕೈ ಇಳಿಸಿ, ಮಂಡಿಯ ಮೇಲಿಟ್ಟುಕೊಂಡ.

ಒಂದು ಸಲ ಎಂದೆ. ಎರಡು ಸಲ ಎಂದೆ. ಬಡಿಯಲು ಕೈಯಲ್ಲಿದ್ದದ್ದು ಅದೇ ಸುತ್ತಿಗೆ.

"ಯಾರಿಗೆ ಹೋಯ್ತು ಸಣ್ಣ ಯಜಮಾನ್ರೇ?" ಕಪಾಟು ಚೀಟಿ ಹಿಡಿದು ನಿಂತಿದ್ದ. "ಹೆಸರು ಹೇಳಿ, ಅಂಟಿಸ್ತೀನಿ."

ಅಷ್ಟರಲ್ಲಿ ಕೊನೆಯ ಸಾಲು ಖಾಲಿಯಾಗಿತ್ತು.

ಏಪ್ರಿಲ್ 20

ಅಣ್ಣ, ಅತ್ತಿಗೆ ನಿನ್ನೆ ಬೆಳಗಿನ ರೈಲಿಗೆ ಹೋದರಂತೆ. ನಿಲ್ದಾಣಕ್ಕೆ ನಾನು ಬರುವುದು ಬೇಡವೆಂದು ಅತ್ತಿಗೆ ಮುಂಚೆಯೇ ಹೇಳಿದ್ದರು. "ಅಲ್ಲಿ ಸದ್ದು ಜಾಸ್ತಿ. ಇವರು ಏನಾದ್ರೂ ಹೇಳಬೇಕು ಅಂದ್ರೂ ಆಗಲ್ಲ, ಸುಮ್ಮನೆ ಒದ್ದಾಡ್ತಾರೆ." ಅಣ್ಣ ಬರೆಯುವ ಹಲಗೆಯನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ಒರೆಸಿ ಸ್ವಚ್ಛ ಮಾಡಿದ ಹಲಗೆ.

ಸುತ್ತಿಗೆ ನನ್ನ ಮೇಜಿನ ಮೇಲಿದೆ. ಚೀಟಿ ಅಂಟಿಲ್ಲ. ಹೊಸ ಹರಾಜು ಮನೆಯಲ್ಲಿ ನಾಳೆಯಿಂದ ಕೆಲಸ. ಅಲ್ಲಿನವರ ಸುತ್ತಿಗೆ ಬೇರೆ, ಇದನ್ನು ಒಯ್ಯಬೇಕಾಗಿಲ್ಲ. ಹಿಡಿಯ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂರುತ್ತದೆ.

ಅಣ್ಣಾ, ಎರಡು ಸಲ ಎಂದ ಮೇಲೆ ನಾನು ತಡೆದೆ, ಎಷ್ಟು ಎಳೆಯಬಹುದೋ ಅಷ್ಟೂ ಎಳೆದೆ, ಅದು ನಿನಗೆ ಗೊತ್ತಾಗಿರುತ್ತದೆ. ಆಗ ನೀನು ಇನ್ನೊಂದು ಸಲ ಕೈ ಎತ್ತಿದ್ದರೆ, ನಾನು ನಿನ್ನನ್ನು ನೋಡುತ್ತಿದ್ದೆನೋ, ಗೋಡೆಯನ್ನೋ?